ತಾನಾಗಿ ಏಳುವ ಹುಡುಕಾಟ: ಲಿನಕ್ಸ್‌ನಲ್ಲಿ ಸ್ಟಾರ್ಟಪ್ ಸ್ಕ್ರಿಪ್ಟ್ ಬರೆಯುವ ಬಗೆ

ನಮ್ಮ ಸಂಘದ ಹಳೆಯ ಸ್ಮರಣ ಸಂಚಿಕೆಗಳು ಈಗ ಸಂಘದ ಸರ್ವರ್‌ನಲ್ಲಿವೆ. ಒಂದು ಹೆಸರನ್ನೋ ಊರನ್ನೋ ಕನ್ನಡದಲ್ಲಿ ಟೈಪ್ ಮಾಡಿದರೆ, ಅದು ಯಾವ ವರ್ಷದ ಸಂಚಿಕೆಯ ಯಾವ ಲೇಖನದಲ್ಲಿದೆ ಎಂದು ತಿಳಿಯುತ್ತದೆ. ತೆರೆಯ ಹಿಂದೆ ಈ ಕೆಲಸ ಮಾಡುವುದು ಅಪಾಚೆ ಸೋಲರ್ ಎಂಬ ಉಚಿತ ತಂತ್ರಾಂಶ. ಅದನ್ನು ನೋಡಿಕೊಳ್ಳುವ ಕೆಲಸ ನನ್ನ ಪಾಲಿಗಿದೆ. ಹುಡುಕಾಟದ ಬಗ್ಗೆ ಸದಸ್ಯರು ಕೇಳುವ ಪ್ರಶ್ನೆಗಳು ಹಲವು. ಆದರೆ ಯಾರೂ ಕೇಳದ, ಕೇಳಲೇಬೇಕಾದ ಪ್ರಶ್ನೆ ಒಂದಿದೆ: ಸರ್ವರ್ ಒಮ್ಮೆ ನಿಂತು ಮತ್ತೆ ಎದ್ದರೆ, ಹುಡುಕಾಟವನ್ನು ಎಬ್ಬಿಸುವವರು ಯಾರು?

ಸರ್ವರ್ ನಿಲ್ಲುವುದು ಅಪರೂಪದ ಸಂಗತಿಯಲ್ಲ. ಭದ್ರತೆಯ ಅಪ್‌ಡೇಟ್ ಬಂದಾಗ ರೀಬೂಟ್ ಆಗಬೇಕು. ಬಾಡಿಗೆಗೆ ಕೊಟ್ಟ ಕಂಪನಿಯವರು ತಮ್ಮ ಯಂತ್ರಗಳನ್ನು ದುರಸ್ತಿ ಮಾಡುವಾಗಲೂ ಅದು ನಿಂತು ಏಳುತ್ತದೆ. ಅದು ನಡೆಯುವುದು ಸಾಮಾನ್ಯವಾಗಿ ನಾವೆಲ್ಲ ಮಲಗಿರುವ ಹೊತ್ತಿನಲ್ಲಿ. ಇಲ್ಲವೇ ಶಾಲೆಗೆ ರಜೆ ಬಿಟ್ಟು, ಸ್ವಯಂಸೇವಕರು ಮಕ್ಕಳೊಂದಿಗೆ ಊರಿಗೆ ಹೋಗಿರುವಾಗ. ಆಗ ಯಾರಾದರೂ ಲಾಗಿನ್ ಆಗಿ, ನಾಲ್ಕು ಕಮಾಂಡ್ ಕೊಟ್ಟು ಹುಡುಕಾಟವನ್ನು ಚಾಲೂ ಮಾಡಬೇಕು ಎನ್ನುವುದು ವ್ಯವಸ್ಥೆಯಾಗಲಾರದು. ಆ ನಾಲ್ಕು ಕಮಾಂಡ್‌ಗಳನ್ನೂ ಅವುಗಳ ಹಿಂದಿನ ತಿಳಿವಳಿಕೆಯನ್ನೂ ಒಬ್ಬರ ತಲೆಯಿಂದ ತೆಗೆದು ಯಂತ್ರದಲ್ಲೇ ಬರೆದಿಡುವುದಕ್ಕೆ ಸ್ಟಾರ್ಟಪ್ ಸ್ಕ್ರಿಪ್ಟ್ ಎನ್ನುತ್ತಾರೆ. ಅದನ್ನು ಬರೆಯುವುದು ಹೇಗೆ ಎಂಬುದನ್ನು ಇಲ್ಲಿ ವಿವರಿಸುತ್ತೇನೆ. ಕಮಾಂಡ್‌ಗಳ ಹೆಸರನ್ನು ಕನ್ನಡ ಲಿಪಿಯಲ್ಲಿ ಕೊಟ್ಟಿದ್ದೇನೆ. ಯಂತ್ರಕ್ಕೆ ಕೊಡುವಾಗ ಇಂಗ್ಲಿಷ್ ಅಕ್ಷರಗಳಲ್ಲೇ ಟೈಪ್ ಮಾಡಬೇಕು.

ಹುಡುಕಾಟದ ಸೇವೆ ಎಂದರೇನು?

ದೊಡ್ಡ ಪುಸ್ತಕಗಳ ಕೊನೆಯಲ್ಲಿ ಪದಸೂಚಿ ಇರುತ್ತದೆ. ಪದ ಮೊದಲು, ಅದು ಬರುವ ಪುಟಗಳ ಸಂಖ್ಯೆ ಆಮೇಲೆ. ಸೋಲರ್ ಮಾಡುವುದೂ ಇದನ್ನೇ. ಎಲ್ಲ ಲೇಖನಗಳನ್ನೂ ಒಮ್ಮೆ ಓದಿ ಪದಸೂಚಿ ಸಿದ್ಧಮಾಡಿ ಡಿಸ್ಕ್‌ನಲ್ಲಿ ಇಟ್ಟುಕೊಳ್ಳುತ್ತದೆ. ಯಾರಾದರೂ ಕೇಳಿದಾಗ ಲೇಖನಗಳನ್ನಲ್ಲ, ಸೂಚಿಯನ್ನು ನೋಡಿ ಉತ್ತರಿಸುತ್ತದೆ. ಇದರ ಒಳಗಿರುವ ಯಂತ್ರ ಲೂಸೀನ್ ಎಂಬ ಗ್ರಂಥಾಲಯ; ಅದನ್ನು 1999ರಲ್ಲಿ ಡಗ್ ಕಟಿಂಗ್ ಬರೆದರು. ಅದರ ಮೇಲೆ ಯೋನಿಕ್ ಸೀಲಿ 2004ರಲ್ಲಿ ಸಿನೆಟ್ ಕಂಪನಿಗಾಗಿ ಸೋಲರ್ ಕಟ್ಟಿದರು. 2006ರಲ್ಲಿ ಅದು ಅಪಾಚೆ ಪ್ರತಿಷ್ಠಾನಕ್ಕೆ ಸೇರಿತು.

ಬೇಕಾದಾಗ ತೆರೆದು, ಕೆಲಸ ಮುಗಿದ ಮೇಲೆ ಮುಚ್ಚುವ ವರ್ಡ್‌ನಂಥ ತಂತ್ರಾಂಶ ಇದಲ್ಲ. ಇದು ಸದಾ ಎಚ್ಚರವಾಗಿದ್ದು, 8983 ಎಂಬ ಸಂಖ್ಯೆಯ ಪೋರ್ಟ್‌ನಲ್ಲಿ ಪ್ರಶ್ನೆಗಾಗಿ ಕಾಯುತ್ತಿರಬೇಕು. ಹೀಗೆ ಹಿನ್ನೆಲೆಯಲ್ಲಿ ಕಾಯುವ ಪ್ರೋಗ್ರಾಂಗೆ ಲಿನಕ್ಸ್‌ನವರು ಡೀಮನ್ ಎನ್ನುತ್ತಾರೆ. 1960ರ ದಶಕದಲ್ಲಿ ಎಂಐಟಿಯ ಪ್ರಾಜೆಕ್ಟ್ ಮ್ಯಾಕ್‌ನಲ್ಲಿ ಬಳಕೆಗೆ ಬಂದ ಪದ ಇದು. ಭೌತವಿಜ್ಞಾನಿ ಮ್ಯಾಕ್ಸ್‌ವೆಲ್ ತಮ್ಮ ವಾದಕ್ಕಾಗಿ ಕಲ್ಪಿಸಿಕೊಂಡ, ಅಣುಗಳನ್ನು ಬೇರ್ಪಡಿಸುತ್ತ ಕೂರುವ ಪುಟ್ಟ ಭೂತ ಈ ಹೆಸರಿನ ಮೂಲ.

ಹಳೆಯ ಪದ್ಧತಿ, ಹೊಸ ಪದ್ಧತಿ

ಲಿನಕ್ಸ್ ಏಳುವಾಗ ಕರ್ನಲ್ ಮೊದಲು ಒಂದೇ ಒಂದು ಪ್ರೋಗ್ರಾಂ ಅನ್ನು ಚಾಲೂ ಮಾಡುತ್ತದೆ. ಅದರ ಕ್ರಮಸಂಖ್ಯೆ 1. ಉಳಿದವನ್ನೆಲ್ಲ ಎಬ್ಬಿಸುವ ಹೊಣೆ ಅದರದ್ದು. ಮದುವೆಮನೆಯಲ್ಲಿ ಎಲ್ಲರಿಗಿಂತ ಮೊದಲು ಎದ್ದು, ಒಲೆ ಹಚ್ಚುವವರನ್ನೂ ಹೂ ಕಟ್ಟುವವರನ್ನೂ ಎಬ್ಬಿಸುವ ಹಿರಿಯರಂತೆ.

ಹಿಂದೆ ಈ ಸ್ಥಾನದಲ್ಲಿದ್ದದ್ದು ಸಿಸ್ಟಮ್ ಫೈವ್ ಇನಿಟ್. ಪ್ರತಿ ಸೇವೆಗೂ ಒಂದು ಶೆಲ್ ಸ್ಕ್ರಿಪ್ಟ್. ಅದಕ್ಕೆ ‘ಸ್ಟಾರ್ಟ್’ ಎಂದರೆ ಸೇವೆಯನ್ನು ಶುರುಮಾಡಬೇಕು, ‘ಸ್ಟಾಪ್’ ಎಂದರೆ ನಿಲ್ಲಿಸಬೇಕು, ‘ಸ್ಟೇಟಸ್’ ಎಂದರೆ ಸ್ಥಿತಿ ಹೇಳಬೇಕು. ನಡೆಯುತ್ತಿದ್ದರೆ 0, ನಿಂತಿದ್ದರೆ 3 ಎಂಬ ಸಂಖ್ಯೆಯನ್ನು ಹಿಂದಿರುಗಿಸಬೇಕು. ಯಾವುದರ ನಂತರ ಯಾವುದು ಎಂಬ ಸರದಿಯನ್ನು ಹೆಸರಿನ ಹಿಂದೆ ಸೇರಿಸಿದ ಎರಡಂಕಿಯ ಸಂಖ್ಯೆಯಿಂದ ಹೇಳುತ್ತಿದ್ದರು. ಪ್ರತಿಯೊಬ್ಬರೂ ತಮಗೆ ತೋಚಿದಂತೆ ನೂರಾರು ಸಾಲಿನ ಸ್ಕ್ರಿಪ್ಟ್ ಬರೆಯುತ್ತಿದ್ದರಿಂದ, ಒಬ್ಬರು ಬರೆದದ್ದು ಇನ್ನೊಬ್ಬರಿಗೆ ಅರ್ಥವಾಗುವುದು ಕಷ್ಟವಾಗಿತ್ತು.

2010ರಲ್ಲಿ ಲೆನಾರ್ಟ್ ಪೊಯೆಟರಿಂಗ್ ಮತ್ತು ಕೇ ಸೀವರ್ಸ್ ಸಿಸ್ಟಮ್‌ಡಿಯನ್ನು ತಂದರು. 2011ರಲ್ಲಿ ಫೆಡೋರಾ, 2014ರಲ್ಲಿ ರೆಡ್ ಹ್ಯಾಟ್, 2015ರಲ್ಲಿ ಡೆಬಿಯನ್ ಮತ್ತು ಉಬುಂಟು ಇದನ್ನೇ ಒಪ್ಪಿಕೊಂಡವು. ಇದರಲ್ಲಿ ‘ಹೇಗೆ ಮಾಡು’ ಎಂದು ಹೇಳುವ ಬದಲು ‘ಏನು ಬೇಕು’ ಎಂದು ಬರೆದರೆ ಸಾಕು. ಹಾಗೆ ಬರೆದ ಚಿಕ್ಕ ಫೈಲ್‌ಗೆ ಯೂನಿಟ್ ಎಂದು ಹೆಸರು. ಅದಕ್ಕೆ ಮೂರು ಭಾಗ: ಪರಿಚಯ ಮತ್ತು ಸರದಿಯನ್ನು ಹೇಳುವ ‘ಯೂನಿಟ್’, ಸೇವೆಯನ್ನು ನಡೆಸುವ ಬಗೆ ಹೇಳುವ ‘ಸರ್ವಿಸ್’, ಬೂಟ್‌ನಲ್ಲಿ ಯಾವಾಗ ಸೇರಿಸಬೇಕೆಂದು ಹೇಳುವ ‘ಇನ್‌ಸ್ಟಾಲ್’. ಇಪ್ಪತ್ತು ಸಾಲು ಮೀರುವುದಿಲ್ಲ. ಆದರೆ ಒಂದೊಂದು ಸಾಲೂ ಒಂದು ಪ್ರಶ್ನೆಗೆ ಉತ್ತರ. ಆ ಪ್ರಶ್ನೆಗಳನ್ನು ಅರಿತರೆ ಸ್ಕ್ರಿಪ್ಟ್ ಬರೆಯಲು ಬಂದಂತೆಯೇ.

ಯಾರ ಹೆಸರಿನಲ್ಲಿ?

ಲಿನಕ್ಸ್‌ನಲ್ಲಿ ರೂಟ್ ಎಂಬ ಬಳಕೆದಾರನಿಗೆ ಎಲ್ಲ ಅಧಿಕಾರವೂ ಇರುತ್ತದೆ. ಹುಡುಕಾಟಕ್ಕೆ ಅಷ್ಟು ಅಧಿಕಾರ ಬೇಡ. ಸೋಲರ್‌ನಲ್ಲಿ ದೋಷವಿದ್ದು ಯಾರಾದರೂ ಒಳನುಗ್ಗಿದರೆ, ಅವರ ಕೈಗೆ ಸಿಗುವುದು ಪದಸೂಚಿ ಮಾತ್ರ ಆಗಿರಬೇಕು, ಸದಸ್ಯರ ಪಟ್ಟಿಯಲ್ಲ. ಆದ್ದರಿಂದ ‘ಸೋಲರ್’ ಎಂಬ ಬೇರೆ ಬಳಕೆದಾರನನ್ನು ಸೃಷ್ಟಿಸಿ, ‘ಯೂಸರ್’ ಎಂಬ ಸಾಲಿನಲ್ಲಿ ಆ ಹೆಸರು ಬರೆಯಬೇಕು. ಸೋಲರ್ ಕೂಡ ಬಲವಂತ ಮಾಡದ ಹೊರತು ರೂಟ್ ಹೆಸರಿನಲ್ಲಿ ಏಳಲು ಒಪ್ಪುವುದಿಲ್ಲ. ಒಮ್ಮೆ ಬಲವಂತವಾಗಿ ನಡೆಸಿದರೆ ಆಗ ಹುಟ್ಟಿದ ಫೈಲ್‌ಗಳೆಲ್ಲ ರೂಟ್‌ನ ಸೊತ್ತಾಗಿ, ಮುಂದೆ ಸೋಲರ್ ಬಳಕೆದಾರ ಅವುಗಳಲ್ಲಿ ಬರೆಯಲಾಗದೆ ಸೇವೆ ಬೀಳುತ್ತದೆ.

ಯಾವುದರ ನಂತರ?

‘ಆಫ್ಟರ್’ ಎಂಬ ಸಾಲು ಸರದಿಯನ್ನು ಹೇಳುತ್ತದೆ: ನೆಟ್‌ವರ್ಕ್ ಎದ್ದ ನಂತರ ನನ್ನನ್ನು ಎಬ್ಬಿಸು ಎಂದು. ಆದರೆ ಅದು ಸರದಿ ಮಾತ್ರ. ‘ಬೀಗರು ಬಂದ ಮೇಲೆ ಊಟ ಬಡಿಸಿ’ ಎಂದರೆ ಬೀಗರನ್ನು ಕರೆದಂತಾಗಲಿಲ್ಲ. ಕರೆಯುವುದಕ್ಕೆ ‘ವಾಂಟ್ಸ್’ ಅಥವಾ ‘ರಿಕ್ವೈರ್ಸ್’ ಎಂಬ ಬೇರೆ ಸಾಲುಗಳಿವೆ. ಮೊದಲನೆಯದು ‘ಬಂದರೆ ಒಳ್ಳೆಯದು’ ಎನ್ನುತ್ತದೆ, ಎರಡನೆಯದು ‘ಅವರಿಲ್ಲದೆ ಕಾರ್ಯವಿಲ್ಲ’ ಎನ್ನುತ್ತದೆ.

ಹುಡುಕಾಟದ ಸೇವೆಗೆ ನೆಟ್‌ವರ್ಕ್‌ಗಿಂತ ಮುಖ್ಯವಾದದ್ದು ಡಿಸ್ಕ್. ಪದಸೂಚಿಯನ್ನು ಪ್ರತ್ಯೇಕ ಡಿಸ್ಕ್‌ನಲ್ಲಿ ಇಡುವುದು ರೂಢಿ. ಆ ಡಿಸ್ಕ್ ಜೋಡಣೆಯಾಗುವ ಮೊದಲೇ ಸೋಲರ್ ಎದ್ದರೆ ಅದಕ್ಕೆ ಕಾಣುವುದು ಖಾಲಿ ಫೋಲ್ಡರ್. ಬರೆಯಲು ಅನುಮತಿ ಇದ್ದರೆ ಅಲ್ಲೇ ಹೊಸ ಖಾಲಿ ಸೂಚಿಯನ್ನು ಮಾಡಿಕೊಂಡು ಕೂರಬಹುದು. ಆಗ ಹುಡುಕಾಟ ನಡೆಯುತ್ತಲೇ ಇರುತ್ತದೆ, ದೋಷದ ಸಂದೇಶವೂ ಬರುವುದಿಲ್ಲ. ಎಲ್ಲ ಪ್ರಶ್ನೆಗೂ ‘ಸಿಗಲಿಲ್ಲ’ ಎಂಬ ಉತ್ತರ. ಸೇವೆ ಬಿದ್ದುಹೋಗುವುದಕ್ಕಿಂತ ಇದು ಕೆಟ್ಟದ್ದು. ತಾತನ ಹೆಸರು ಹುಡುಕಿದ ಮೊಮ್ಮಗಳು, ತಾತ ಏನನ್ನೂ ಬರೆದಿಲ್ಲ ಎಂದು ನಂಬಿ ಹೋಗಿಬಿಡುತ್ತಾಳೆ. ‘ರಿಕ್ವೈರ್ಸ್‌ಮೌಂಟ್ಸ್‌ಫಾರ್’ ಎಂಬ ಸಾಲಿನಲ್ಲಿ ಸೂಚಿಯ ಫೋಲ್ಡರ್‌ನ ವಿಳಾಸ ಕೊಟ್ಟರೆ, ಆ ಡಿಸ್ಕ್ ಜೋಡಣೆಯಾಗುವ ತನಕ ಸಿಸ್ಟಮ್‌ಡಿ ಸೋಲರ್ ಅನ್ನು ಎಬ್ಬಿಸುವುದಿಲ್ಲ.

ಯಾವ ಪರಿಸರದಲ್ಲಿ?

‘ಕೈಯಿಂದ ಚಾಲೂ ಮಾಡಿದರೆ ನಡೆಯುತ್ತದೆ, ಬೂಟ್ ಆದಾಗ ನಡೆಯುವುದಿಲ್ಲ’ ಎಂಬ ದೂರಿಗೆ ಹೆಚ್ಚಿನ ಸಲ ಇದೇ ಕಾರಣ. ನಾವು ಲಾಗಿನ್ ಆದಾಗ ನಮ್ಮ ಖಾತೆಯ ಸೆಟ್ಟಿಂಗ್‌ಗಳೆಲ್ಲ ಜೊತೆಗೆ ಬರುತ್ತವೆ: ಜಾವಾ ಎಲ್ಲಿದೆ, ಭಾಷೆ ಯಾವುದು, ಎಷ್ಟು ಫೈಲ್ ತೆರೆಯಬಹುದು. ಬೂಟ್ ಸಮಯದಲ್ಲಿ ಯಾರೂ ಲಾಗಿನ್ ಆಗಿರುವುದಿಲ್ಲ. ಹಾಗಾಗಿ ಬೇಕಾದ್ದನ್ನೆಲ್ಲ ಯೂನಿಟ್ ಫೈಲ್‌ನಲ್ಲೇ ಹೇಳಬೇಕು.

ಕನ್ನಡದವರಿಗೆ ಇದರಲ್ಲಿ ವಿಶೇಷ ಎಚ್ಚರ ಬೇಕು. ಜಾವಾದ 18ನೇ ಆವೃತ್ತಿಗಿಂತ ಹಿಂದಿನವು, ಪಠ್ಯದ ಫೈಲ್ ಓದುವಾಗ ಬೇರೆ ಸೂಚನೆ ಇಲ್ಲದಿದ್ದರೆ ಯಂತ್ರದ ಭಾಷಾ ಸೆಟ್ಟಿಂಗ್ ಅನ್ನೇ ನಂಬುತ್ತಿದ್ದವು. ಆ ಸೆಟ್ಟಿಂಗ್ ಇಲ್ಲದಿದ್ದರೆ ಯುನಿಕೋಡ್ ಬದಲು ಹಳೆಯ ಇಂಗ್ಲಿಷ್ ಅಕ್ಷರಗಳ ಪಟ್ಟಿಯೊಂದೇ ಗತಿ. 2022ರಲ್ಲಿ ಬಂದ 18ನೇ ಆವೃತ್ತಿಯಿಂದ ಯುಟಿಎಫ್-8 ತಾನಾಗಿ ಸಿಗುತ್ತದೆ. ಆದರೂ ಕನ್ನಡದಲ್ಲಿರುವ ಫೈಲ್ ಹೆಸರುಗಳಿಗೆ ಯಂತ್ರದ ಸೆಟ್ಟಿಂಗೇ ಆಧಾರ. ಲೇಖನಗಳನ್ನು ಓದಿ ಸೋಲರ್‌ಗೆ ಕೊಡುವ ನಮ್ಮ ಪುಟ್ಟ ಪ್ರೋಗ್ರಾಂ ಕೂಡ ಜಾವಾದ್ದೇ. ಸೆಟ್ಟಿಂಗ್ ತಪ್ಪಿದರೆ ‘ಮೈಸೂರು’ ಎಂಬುದು ನಾಲ್ಕಾರು ಪ್ರಶ್ನಾರ್ಥಕ ಚಿಹ್ನೆಗಳಾಗಿ ಸೂಚಿಗೆ ಸೇರುತ್ತದೆ. ಮತ್ತೆ ಯಾರು ಹುಡುಕಿದರೂ ಸಿಗದು. ಆದ್ದರಿಂದ ಸೋಲರ್‌ನ ಯೂನಿಟ್‌ನಲ್ಲೂ ಆ ಪ್ರೋಗ್ರಾಂನ ಯೂನಿಟ್‌ನಲ್ಲೂ ‘ಎನ್ವಿರಾನ್‌ಮೆಂಟ್’ ಸಾಲು ಹಾಕಿ, ‘ಲ್ಯಾಂಗ್’ ಎಂಬುದಕ್ಕೆ ಸಿ-ಯುಟಿಎಫ್-8 ಎಂಬ ಬೆಲೆ ಕೊಟ್ಟಿದ್ದೇವೆ.

ಇನ್ನೊಂದು ಮಿತಿ ಫೈಲ್‌ಗಳ ಸಂಖ್ಯೆಯದು. ಒಂದು ಪದಸೂಚಿ ಹತ್ತಾರು ತುಣುಕುಗಳಾಗಿ, ಒಂದೊಂದು ತುಣುಕು ಹಲವು ಫೈಲ್‌ಗಳಾಗಿ ಇರುತ್ತದೆ. ಲಿನಕ್ಸ್‌ನಲ್ಲಿ ಸಾಮಾನ್ಯವಾಗಿ ಒಂದು ಪ್ರೋಗ್ರಾಂಗೆ ಸಿಗುವ ಮಿತಿ 1024. ಸೋಲರ್ ಬಯಸುವುದು 65000. ಲಾಗಿನ್ ಆಗುವವರಿಗಾಗಿ ಮಿತಿ ಹೆಚ್ಚಿಸುವ ಹಳೆಯ ಫೈಲ್ ಸಿಸ್ಟಮ್‌ಡಿಯ ಸೇವೆಗಳಿಗೆ ಅನ್ವಯಿಸುವುದಿಲ್ಲ. ಯೂನಿಟ್‌ನಲ್ಲಿ ‘ಲಿಮಿಟ್‌ನೋಫೈಲ್’ ಎಂದೇ ಬರೆಯಬೇಕು.

ಎದ್ದದ್ದೇ? ಸಿದ್ಧವಾದದ್ದೇ?

‘ಎಕ್ಸೆಕ್‌ಸ್ಟಾರ್ಟ್’ ಸಾಲಿನಲ್ಲಿ ಸೋಲರ್ ಅನ್ನು ಚಾಲೂ ಮಾಡುವ ಕಮಾಂಡ್ ಇರುತ್ತದೆ. ಸೋಲರ್ ಹಿನ್ನೆಲೆಗೆ ಸರಿಯದೆ ಎದುರಿಗೇ ನಡೆಯುವಂತೆ ಸೂಚನೆ ಕೊಟ್ಟು, ‘ಟೈಪ್’ ಎಂಬಲ್ಲಿ ‘ಸಿಂಪಲ್’ ಎಂದು ಬರೆಯುವುದು ಸುಲಭದ ದಾರಿ. ಆದರೆ ಹೀಗೆ ಬರೆದಾಗ, ಪ್ರೋಗ್ರಾಂ ಶುರುವಾದ ಕ್ಷಣವೇ ಸೇವೆ ಎದ್ದಿತು ಎಂದು ಸಿಸ್ಟಮ್‌ಡಿ ಲೆಕ್ಕ ಹಾಕುತ್ತದೆ. ಸೋಲರ್ ಸೂಚಿಯನ್ನು ತೆರೆದು ಉತ್ತರ ಕೊಡಲು ಇನ್ನೂ ಕೆಲವು ಸೆಕೆಂಡ್ ಬೇಕು. ಮನೆಯವರು ಎದ್ದಿದ್ದಾರೆ, ಕಾಫಿ ಇನ್ನೂ ಆಗಿಲ್ಲ. ಅದಕ್ಕಾಗಿ ‘ಎಕ್ಸೆಕ್‌ಸ್ಟಾರ್ಟ್‌ಪೋಸ್ಟ್’ ಎಂಬಲ್ಲಿ ಚಿಕ್ಕದೊಂದು ಸ್ಕ್ರಿಪ್ಟ್ ಇಟ್ಟು, 8983ರಲ್ಲಿ ಸರಿಯಾದ ಉತ್ತರ ಬರುವ ತನಕ ಎರಡು ಸೆಕೆಂಡಿಗೊಮ್ಮೆ ವಿಚಾರಿಸುವಂತೆ ಮಾಡಬಹುದು.

ಬಿದ್ದರೆ? ನಿಲ್ಲಿಸಿದರೆ?

‘ರೀಸ್ಟಾರ್ಟ್’ ಎಂಬಲ್ಲಿ ‘ಆನ್-ಫೈಲ್ಯೂರ್’ ಎಂದರೆ, ಸೇವೆ ಬಿದ್ದಾಗ ಸಿಸ್ಟಮ್‌ಡಿ ಮತ್ತೆ ಎಬ್ಬಿಸುತ್ತದೆ. ನಡುವೆ 10 ಸೆಕೆಂಡ್ ಬಿಡುವು ಕೊಡುವುದು ವಾಡಿಕೆ. ಇಲ್ಲೊಂದು ಸೂಕ್ಷ್ಮವಿದೆ. 10 ಸೆಕೆಂಡಿನೊಳಗೆ 5 ಸಲ ಎಬ್ಬಿಸಿಯೂ ನಿಲ್ಲದಿದ್ದರೆ ಕೈಬಿಡು ಎಂಬುದು ಸಿಸ್ಟಮ್‌ಡಿಯ ಮೂಲ ನಿಯಮ. ನಾವು 10 ಸೆಕೆಂಡ್ ಬಿಡುವು ಕೊಟ್ಟರೆ ಆ ಲೆಕ್ಕ ಎಂದೂ ಭರ್ತಿಯಾಗುವುದಿಲ್ಲ. ಕೆಟ್ಟ ಸೇವೆಯನ್ನು ರಾತ್ರಿಯಿಡೀ ಎಬ್ಬಿಸುತ್ತಲೇ ಇರುತ್ತದೆ. ಲೆಕ್ಕದ ಅವಧಿಯನ್ನು 300 ಸೆಕೆಂಡಿಗೆ ಏರಿಸಿದರೆ ಐದು ಪ್ರಯತ್ನಗಳ ನಂತರ ಸುಮ್ಮನಾಗಿ, ಸೋಲನ್ನು ದಾಖಲಿಸುತ್ತದೆ.

ನಿಲ್ಲಿಸುವಾಗ ಸಿಸ್ಟಮ್‌ಡಿ ಮೊದಲು 15ನೇ ಸಂಖ್ಯೆಯ ಸಂಕೇತ ಕಳಿಸುತ್ತದೆ: ಕೆಲಸ ಮುಗಿಸಿಕೊಂಡು ಹೊರಡು ಎಂದು. 90 ಸೆಕೆಂಡಿನೊಳಗೆ ಹೊರಡದಿದ್ದರೆ 9ನೇ ಸಂಕೇತದಿಂದ ಥಟ್ಟನೆ ಕೊಲ್ಲುತ್ತದೆ. ಹಾಗೆ ಕೊಂದಾಗ, ಇನ್ನೂ ಸೂಚಿಗೆ ಪಕ್ಕಾ ಆಗದ ಲೇಖನಗಳನ್ನು ಮುಂದಿನ ಸಲ ಏಳುವಾಗ ಸೋಲರ್ ತನ್ನ ದಿನಚರಿಯಿಂದ ಮತ್ತೆ ಓದಿ ಸೇರಿಸಬೇಕಾಗುತ್ತದೆ. ಅವಧಿಯನ್ನು 180 ಸೆಕೆಂಡ್ ಮಾಡುವುದು ಕ್ಷೇಮ. ಜಾವಾ ಶಿಸ್ತಾಗಿ ಹೊರಟಾಗಲೂ 143 ಎಂಬ ಸಂಖ್ಯೆ ಬಿಟ್ಟುಹೋಗುತ್ತದೆ; ಅದು 128 ಮತ್ತು 15ರ ಮೊತ್ತ. ಇದು ಸೋಲಲ್ಲ ಎಂದು ‘ಸಕ್ಸೆಸ್‌ಎಕ್ಸಿಟ್‌ಸ್ಟೇಟಸ್’ ಸಾಲಿನಲ್ಲಿ ಹೇಳಿಡಬೇಕು.

ಪರೀಕ್ಷೆ

ಫೈಲ್ ಬರೆದ ಮೇಲೆ ‘ಸಿಸ್ಟಮ್‌ಸಿಟಿಎಲ್ ಡೀಮನ್-ರೀಲೋಡ್’ ಎಂದರೆ ಸಿಸ್ಟಮ್‌ಡಿ ಅದನ್ನು ಓದಿಕೊಳ್ಳುತ್ತದೆ. ‘ಸ್ಟಾರ್ಟ್’ ಎಂದರೆ ಈಗ ಏಳುತ್ತದೆ. ‘ಎನೇಬಲ್’ ಎಂದರೆ ಪ್ರತಿ ಬೂಟ್‌ನಲ್ಲೂ ಏಳುತ್ತದೆ. ಎರಡೂ ಬೇರೆ ಬೇರೆ, ಎರಡೂ ಬೇಕು. ಏನಾಯಿತೆಂದು ತಿಳಿಯಲು ‘ಜರ್ನಲ್‌ಸಿಟಿಎಲ್’ ಇದೆ. ಆದರೆ ನಿಜವಾದ ಪರೀಕ್ಷೆ ಒಂದೇ: ಸರ್ವರ್ ಅನ್ನು ರೀಬೂಟ್ ಮಾಡಿ, ಲಾಗಿನ್ ಆಗದೆ, ಸದಸ್ಯರಂತೆ ಬ್ರೌಸರ್ ತೆರೆದು, ಹಳೆಯ ಸಂಚಿಕೆಯಲ್ಲಿ ಇದೆಯೆಂದು ಗೊತ್ತಿರುವ ಒಂದು ಕನ್ನಡ ಪದವನ್ನು ಹುಡುಕುವುದು. ಸಿಕ್ಕರೆ ಡಿಸ್ಕ್, ಬಳಕೆದಾರ, ಅಕ್ಷರ, ಸರದಿ ಎಲ್ಲವೂ ಸರಿಯಿದೆ ಎಂದರ್ಥ.

ಯೂನಿಟ್ ಫೈಲ್‌ನಲ್ಲಿ ಹ್ಯಾಶ್ ಚಿಹ್ನೆಯಿಂದ ಶುರುವಾಗುವ ಸಾಲನ್ನು ಯಂತ್ರ ಓದುವುದಿಲ್ಲ; ಅದು ಮನುಷ್ಯರಿಗಾಗಿ. ನಮ್ಮ ಫೈಲ್‌ನಲ್ಲಿ 65000 ಏಕೆ, 180 ಏಕೆ, ಡಿಸ್ಕ್‌ಗಾಗಿ ಏಕೆ ಕಾಯಬೇಕು ಎಂದು ಆ ಸಾಲುಗಳಲ್ಲಿ ಕನ್ನಡದಲ್ಲೇ ಬರೆದಿದ್ದೇವೆ. ಸಂಘದ ಸಮಿತಿ ಬದಲಾಗುತ್ತದೆ. ಕೆಲಸ ನೋಡಿಕೊಳ್ಳುವವರು ಬೇರೆ ಊರಿಗೆ ಹೋಗುತ್ತಾರೆ. ಮುಂದೆ ಬರುವವರು ಯಾರಿಗೂ ಫೋನ್ ಮಾಡದೆ ಆ ಫೈಲ್ ತೆರೆದು ಓದಿದರೆ ಸಾಕು. ಕಂಪ್ಯೂಟರ್ ಕಲಿಯುತ್ತಿರುವ ನಮ್ಮ ಮಕ್ಕಳಲ್ಲಿ ಯಾರಿಗಾದರೂ ಆಸಕ್ತಿ ಇದ್ದರೆ, ಈ ಇಪ್ಪತ್ತು ಸಾಲುಗಳಿಂದಲೇ ಶುರುಮಾಡಬಹುದು.