ವಿದೇಶ ಪ್ರಯಾಣ ಮತ್ತು ಡೆಬಿಟ್ ಕಾರ್ಡ್ ಬಳಕೆ: ಬಸವಕಲ್ಯಾಣ ಹಾಗೂ ಹುಮನಾಬಾದ್ ತಾಲ್ಲೂಕುಗಳ ನಾಗರಿಕರಿಗೆ ಮಾಹಿತಿ

ಬೀದರ್ ಜಿಲ್ಲೆಯ ಬಸವಕಲ್ಯಾಣ ಹಾಗೂ ಹುಮನಾಬಾದ್ ತಾಲ್ಲೂಕುಗಳಿಂದ ಉದ್ಯೋಗ, ವ್ಯಾಸಂಗ ಅಥವಾ ಯಾತ್ರೆಯ ನಿಮಿತ್ತ ವಿದೇಶಕ್ಕೆ ತೆರಳುವವರು ಊರಿನ ಬ್ಯಾಂಕ್ ಶಾಖೆಯಲ್ಲಿ ಪಡೆದ ಡೆಬಿಟ್ ಕಾರ್ಡನ್ನು ಜೊತೆಯಲ್ಲಿ ಒಯ್ಯುವುದುಂಟು. ಕಾರ್ಡು ಒಂದೇ ಆದರೂ ಅದರ ಬಳಕೆಯ ಕ್ರಮ ದೇಶದಿಂದ ದೇಶಕ್ಕೆ ಭಿನ್ನವಾಗಿರುತ್ತದೆ. ಆದ್ದರಿಂದ ಹೊರಡುವ ಮುನ್ನ ಈ ಕೆಳಕಂಡ ಅಂಶಗಳನ್ನು ಅರಿತಿರುವುದು ಅಗತ್ಯ.

ವಿದೇಶ ಬಳಕೆಯ ಸೌಲಭ್ಯ

ಭಾರತೀಯ ರಿಸರ್ವ್ ಬ್ಯಾಂಕಿನ ಆದೇಶದನ್ವಯ, 2020ರ ಅಕ್ಟೋಬರ್ 1ರಿಂದ ಹೊಸದಾಗಿ ನೀಡಲಾಗುವ ಕಾರ್ಡುಗಳು ಆರಂಭದಲ್ಲಿ ದೇಶದೊಳಗಿನ ಎಟಿಎಂ ಹಾಗೂ ಅಂಗಡಿಗಳ ಯಂತ್ರಗಳಲ್ಲಿ ಮಾತ್ರ ನಡೆಯುತ್ತವೆ. ಹುಮನಾಬಾದಿನಲ್ಲಿ ಹಣ ನೀಡಿದ ಕಾರ್ಡು ದುಬೈನಲ್ಲಿ ತಿರಸ್ಕೃತವಾಗಲು ಇದೂ ಒಂದು ಕಾರಣ. ವಿದೇಶ ಬಳಕೆಯ ಸೌಲಭ್ಯವನ್ನು ಮೊಬೈಲ್ ಆಪ್, ಇಂಟರ್‌ನೆಟ್ ಬ್ಯಾಂಕಿಂಗ್ ಅಥವಾ ಎಟಿಎಂ ಮೂಲಕ ಪಡೆದು, ದಿನದ ಮಿತಿಯನ್ನು ನಿಗದಿಪಡಿಸಬಹುದು. ಹಿಂದಿರುಗಿದ ನಂತರ ಅದನ್ನು ಸ್ಥಗಿತಗೊಳಿಸುವುದು ಸುರಕ್ಷಿತ.

ಪಿನ್ ಮತ್ತು ಒಟಿಪಿ

ಭಾರತದಲ್ಲಿ ಅಂಗಡಿಯ ಪಾವತಿಗೆ ಸಾಮಾನ್ಯವಾಗಿ ಪಿನ್, ಆನ್‌ಲೈನ್ ಪಾವತಿಗೆ ಒಟಿಪಿ ಬೇಕಾಗುತ್ತದೆ. ಅಮೆರಿಕದ ಅನೇಕ ಅಂಗಡಿಗಳಲ್ಲಿ ಪಿನ್ ಇಲ್ಲದೆಯೇ ಡೆಬಿಟ್ ಕಾರ್ಡ್ ಪಾವತಿ ನಡೆಯುತ್ತದೆ. ಹಲವು ವಿದೇಶಿ ಜಾಲತಾಣಗಳು ಕಾರ್ಡಿನ ಸಂಖ್ಯೆ, ಅವಧಿ ಹಾಗೂ ಹಿಂಬದಿಯ ಮೂರಂಕಿಯನ್ನಷ್ಟೇ ಕೇಳುತ್ತವೆ. ಪಿನ್ ಗುಟ್ಟಾಗಿದ್ದ ಮಾತ್ರಕ್ಕೆ ಹಣ ಸುರಕ್ಷಿತವೆಂದು ವಿದೇಶದಲ್ಲಿ ಭಾವಿಸುವಂತಿಲ್ಲ. ಒಟಿಪಿ ಬರುವ ಮೊಬೈಲ್ ಸಂಖ್ಯೆ ಅಲ್ಲಿಯೂ ಚಾಲನೆಯಲ್ಲಿರಬೇಕು.

ಶುಲ್ಕ

ವಿದೇಶದ ಎಟಿಎಂ ಬಳಕೆಗೆ ಸ್ವಂತ ಬ್ಯಾಂಕಿನ ಶುಲ್ಕವಲ್ಲದೆ ಅಲ್ಲಿನ ಬ್ಯಾಂಕೂ ಪ್ರತ್ಯೇಕ ಶುಲ್ಕ ವಿಧಿಸಬಹುದು. ಯಂತ್ರವು ರೂಪಾಯಿ ಅಥವಾ ಸ್ಥಳೀಯ ನಾಣ್ಯದ ಆಯ್ಕೆ ನೀಡಿದಲ್ಲಿ, ದಿರ್ಹಂ ಅಥವಾ ರಿಯಾಲ್‌ನಂತಹ ಸ್ಥಳೀಯ ನಾಣ್ಯವನ್ನೇ ಆರಿಸುವುದು ಸಾಮಾನ್ಯವಾಗಿ ಅಗ್ಗ.

ಖಾತೆಯ ಸ್ವರೂಪ

ಉದ್ಯೋಗಕ್ಕಾಗಿ ವಿದೇಶದಲ್ಲಿ ನೆಲೆಸುವವರು ಊರಿನ ಸಾಮಾನ್ಯ ಉಳಿತಾಯ ಖಾತೆಯನ್ನು ಯಥಾಸ್ಥಿತಿಯಲ್ಲಿ ಮುಂದುವರಿಸುವಂತಿಲ್ಲ. ಶಾಖೆಗೆ ತಿಳಿಸಿ ಅದನ್ನು ಎನ್‌ಆರ್‌ಒ ಖಾತೆಯಾಗಿ ಪರಿವರ್ತಿಸಿಕೊಳ್ಳತಕ್ಕದ್ದು. ಅಲ್ಪಾವಧಿಯ ಯಾತ್ರೆ ಕೈಗೊಳ್ಳುವವರಿಗೆ ಇದು ಅನ್ವಯಿಸುವುದಿಲ್ಲ.

ಕಾರ್ಡು ಕಳೆದಲ್ಲಿ

ಕಾರ್ಡು ಕಳೆದ ಕೂಡಲೇ ಬ್ಯಾಂಕಿಗೆ ತಿಳಿಸಿ ಅದನ್ನು ನಿರ್ಬಂಧಿಸತಕ್ಕದ್ದು. ರಿಸರ್ವ್ ಬ್ಯಾಂಕು 2017ರ ಜುಲೈನಲ್ಲಿ ಗೊತ್ತುಪಡಿಸಿದಂತೆ, ಬ್ಯಾಂಕಿನದಾಗಲಿ ಗ್ರಾಹಕರದಾಗಲಿ ತಪ್ಪಿಲ್ಲದೆ ನಡೆದ ವಂಚನೆಯನ್ನು, ಬ್ಯಾಂಕಿನ ಸಂದೇಶ ತಲುಪಿದ ಮೂರು ಕೆಲಸದ ದಿನಗಳೊಳಗೆ ವರದಿ ಮಾಡಿದಲ್ಲಿ ಗ್ರಾಹಕರಿಗೆ ಹೊಣೆಯಿರುವುದಿಲ್ಲ. ಪಿನ್ ಅಥವಾ ಒಟಿಪಿಯನ್ನು ಇತರರಿಗೆ ತಿಳಿಸಿದ್ದಲ್ಲಿ, ವರದಿ ಮಾಡುವವರೆಗಿನ ನಷ್ಟ ಗ್ರಾಹಕರದೇ. ಅಮೆರಿಕದ ಬ್ಯಾಂಕು ನೀಡಿದ ಕಾರ್ಡಿಗೆ ಅಲ್ಲಿನ ಕಾನೂನು ಬೇರೆ: ಕಳೆದದ್ದು ತಿಳಿದ ಎರಡು ಕೆಲಸದ ದಿನಗಳೊಳಗೆ ವರದಿ ಮಾಡಿದರೆ ಹೊಣೆ 50 ಡಾಲರ್ ಮೀರದು, ತಡವಾದರೆ 500 ಡಾಲರ್‌ವರೆಗೆ ಏರಬಹುದು. ಎರಡೂ ದೇಶಗಳಲ್ಲಿ ವಿಳಂಬದ ಬೆಲೆಯನ್ನು ಗ್ರಾಹಕರೇ ತೆರಬೇಕಾಗುತ್ತದೆ.

ಆದ್ದರಿಂದ ಬ್ಯಾಂಕಿನ ವಿದೇಶ ಸಹಾಯವಾಣಿ ಸಂಖ್ಯೆಯನ್ನು ಕಾರ್ಡಿನಿಂದ ಪ್ರತ್ಯೇಕವಾಗಿ ಬರೆದಿಟ್ಟುಕೊಳ್ಳುವುದು ಸೂಕ್ತ. ಹೆಚ್ಚಿನ ವಿವರಗಳಿಗಾಗಿ ಖಾತೆಯಿರುವ ಶಾಖೆಯನ್ನು ಸಂಪರ್ಕಿಸಬಹುದಾಗಿದೆ.