ಕೆಸರು ತಳ ಹಿಡಿಯಿತೆ?

ಬಗ್ಗಡದ ನೀರನ್ನು ಕೊಡದಲ್ಲಿ ತುಂಬಿಟ್ಟರೆ ಬೆಳಗಾಗುವ ಹೊತ್ತಿಗೆ ಮಣ್ಣು ತಳಕ್ಕಿಳಿದು ಮೇಲೆ ತಿಳಿನೀರು ನಿಲ್ಲುವುದು. ಊರಿನ ಚರಂಡಿ ನೀರನ್ನು ಶುದ್ಧಿಮಾಡುವ ದೊಡ್ಡ ಸ್ಥಾವರಗಳೂ ಕೊನೆಗೆ ನೆಚ್ಚುವುದು ಇದನ್ನೇ. ಆದರೆ ಅಲ್ಲಿ ಇಳಿಯಬೇಕಾದದ್ದು ಮಣ್ಣಲ್ಲ, ಜೀವಾಣುಗಳ ಮುದ್ದೆ.

ಚರಂಡಿ ನೀರಿಗೆ ಗಾಳಿಯೂದಿ, ತಳದಲ್ಲಿ ನಿಂತ ಕೆಸರನ್ನು ಚೆಲ್ಲದೆ ಹೊಸ ನೀರಿಗೆ ಬೆರೆಸುತ್ತ ಬಂದರೆ, ವಾರಗಟ್ಟಲೆ ಹಿಡಿಯುವ ಶುದ್ಧಿ ಗಂಟೆಗಳಲ್ಲಿ ಮುಗಿಯುವುದೆಂದು 1914ರಲ್ಲಿ ಮ್ಯಾಂಚೆಸ್ಟರಿನ ಆರ್ಡರ್ನ್ ಮತ್ತು ಲಾಕೆಟ್ ತೋರಿಸಿಕೊಟ್ಟರು. ಅದೇ ‘ಆಕ್ಟಿವೇಟೆಡ್ ಸ್ಲಡ್ಜ್’, ಚುರುಕುಗೊಂಡ ಕೆಸರು. ಅವರಿಗೆ ದಾರಿ ತೋರಿದ ಗಿಲ್ಬರ್ಟ್ ಫೌಲರ್ 1916ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಪ್ರಾಧ್ಯಾಪಕರಾಗಿ ಬಂದರು. ನಮ್ಮವರು ಇದನ್ನು ನೆನೆಯುವುದು ಕಡಮೆ.

ಕೊಳೆಯನ್ನು ತಿಂದು ಮುದ್ದೆಗಟ್ಟಿದ ಈ ಜೀವಾಣುಗಳು ಮುಂದಿನ ತೊಟ್ಟಿಯಲ್ಲಿ ತಳ ಹಿಡಿಯದಿದ್ದರೆ, ನೀರಿನೊಡನೆ ಹೊರಬಿದ್ದು ಕೆರೆಹೊಳೆಗಳನ್ನು ಕೆಡಿಸುತ್ತವೆ. ಸ್ಥಾವರದಲ್ಲಿ ಮರುದಿನದ ಕೆಲಸಕ್ಕೆ ಆಳುಗಳೇ ಉಳಿಯುವುದಿಲ್ಲ!

ಪರೀಕ್ಷೆ ಬಹು ಸರಳ. ಗಾಳಿಯೂದುವ ತೊಟ್ಟಿಯಿಂದ ಒಂದು ಲೀಟರು ತೆಗೆದು, ಗುರುತು ಹಾಕಿದ ಗಾಜಿನ ಜಾಡಿಗೆ ಸುರಿದು 30 ನಿಮಿಷ ಅಲುಗಿಸದೆ ಬಿಡುವರು. ಕೆಸರಿನ ಮೇಲ್ಗೆರೆ 300 ಮಿಲಿಲೀಟರಿಗೆ ನಿಂತಿತೆನ್ನಿ. ಇದು ಒಳ್ಳೆಯದೋ ಕೆಟ್ಟದ್ದೋ? ಗೆರೆಯೊಂದೇ ಹೇಳಲಾರದು. ಸೇರಿನಲ್ಲಿ ಅಳೆದ ಅಕ್ಕಿಗೂ ಮಂಡಕ್ಕಿಗೂ ಜಾಗ ಒಂದೇ, ತೂಕ ಬೇರೆಯಲ್ಲವೆ? ಆದುದರಿಂದ ಅದೇ ನೀರನ್ನು ಸ್ವಲ್ಪ ಸೋಸಿ, ಉಳಿದದ್ದನ್ನು ಒಣಗಿಸಿ ತೂಗಿ, ಲೀಟರಿನಲ್ಲಿ ಎಷ್ಟು ಗ್ರಾಂ ಕೆಸರಿದೆಯೆಂದು ತಿಳಿದು, ಗೆರೆಯ ಅಂಕಿಯನ್ನು ಅದರಿಂದ ಭಾಗಿಸಬೇಕು. 3 ಗ್ರಾಂ ಇದ್ದರೆ ಸೂಚ್ಯಂಕ 100, ಚಿಂತೆಯಿಲ್ಲ. ಒಂದೂವರೆ ಗ್ರಾಂ ಮಾತ್ರ ಇದ್ದರೆ 200. ಕೆಸರು ಮಂಡಕ್ಕಿಯಂತೆ ಉಬ್ಬಿದೆ. ಸಾಮಾನ್ಯವಾಗಿ 150 ದಾಟಿದರೆ ಎಚ್ಚರ ವಹಿಸುವರು. 1934ರಲ್ಲಿ ಅಮೆರಿಕದ ಮೋಲ್ಮನ್ ಮುಂದಿಟ್ಟ ಈ ಲೆಕ್ಕ ಇಂದಿಗೂ ನಡೆದಿದೆ.

ಉಬ್ಬುವುದಕ್ಕೆ ಹೆಚ್ಚಾಗಿ ಕಾರಣ ನೂಲೆಳೆಯಂಥ ಜೀವಾಣುಗಳು. ತೊಟ್ಟಿಯಲ್ಲಿ ಆಮ್ಲಜನಕ ಸಾಲದಾದಾಗ ಇವುಗಳಲ್ಲಿ ಕೆಲವು ಬಲಿತು, ಮುದ್ದೆಗಳಿಂದ ಹೊರಕ್ಕೆ ಚಾಚಿ, ಅವು ಒತ್ತಾಗಿ ಕೂಡದಂತೆ ತಡೆಯುತ್ತವೆ. ಚೆನ್ನಾಗಿ ಇಳಿದ ಕೆಸರು ಗಂಟೆ ಎರಡು ಗಂಟೆಯ ಮೇಲೆ ಹೆಂಟೆಹೆಂಟೆಯಾಗಿ ತೇಲಿಬರುವುದೂ ಉಂಟು. ಅದು ಬೇರೆ ವ್ಯಾಧಿ. ಒಳಗೆ ಹುಟ್ಟಿದ ಸಾರಜನಕದ ಗುಳ್ಳೆಗಳು ಅದನ್ನು ಎತ್ತುತ್ತವೆ. ಅಲ್ಲಿ ತಳದ ಕೆಸರನ್ನು ಬೇಗ ಬೇಗ ತೆಗೆಯುವುದೇ ಮದ್ದು. ಆದುದರಿಂದ ಬಲ್ಲ ಕೆಲಸಗಾರನು ಅರ್ಧ ಗಂಟೆಗೆ ಅಂಕಿ ಬರೆದುಕೊಂಡೊಡನೆ ಜಾಡಿಯನ್ನು ತೊಳೆದಿಡದೆ, ಇನ್ನಷ್ಟು ಹೊತ್ತು ಹಾಗೆಯೇ ಬಿಟ್ಟು ನೋಡುವನು.