ಕಿರುಚುವುದಕ್ಕಿಂತ ಗುರುಗುಟ್ಟುವುದೇ ವಾಸಿ

‘ಇಷ್ಟೇನಾ ಸದ್ದು?’ ಎಂದೆ. ‘ಇಷ್ಟೇ ಕಣಪ್ಪಾ. ಬೇಕಾದ್ರೆ ನೀನೇ ಕೊಡು’ ಎಂದು ಟೀಚರ್ ಪಕ್ಕಕ್ಕೆ ಸರಿದು ನಿಂತರು. ಮೈಸೂರಿನ ಜಯಲಕ್ಷ್ಮೀಪುರಂನ ಆ ಹಿತ್ತಲಲ್ಲಿ ಫಸಲು ಮುಗಿದ ಮೇಲೆ ಸವರಿ ಹಾಕಿದ ಮಾವಿನ ಟೊಂಗೆಗಳ ರಾಶಿ ಎದೆಮಟ್ಟಕ್ಕಿತ್ತು. ಹೆಬ್ಬೆರಳು ದಪ್ಪದ ಒಂದನ್ನು ಎಳೆದು ಯಂತ್ರದ ಬಾಯಿಗೆ ಇಟ್ಟೆ. ತಳ್ಳಬೇಕಾಗಿಯೇ ಬರಲಿಲ್ಲ. ಒಳಗಿನ ಹಲ್ಲು ತುದಿಯನ್ನು ಕಚ್ಚಿಕೊಂಡು, ನಿಧಾನಕ್ಕೆ, ಒಂದೇ ಸಮ, ಟೊಂಗೆಯನ್ನು ಎಳೆದುಕೊಳ್ಳತೊಡಗಿತು. ಲಟಲಟ ಎಂದದ್ದು ಕಟ್ಟಿಗೆ. ಮೋಟರಿನದ್ದು ಬರೀ ಗುಂಯ್ ಎಂಬ ಗುನುಗು. ಕೆಳಗಿನ ಡಬ್ಬಿಗೆ ಜಜ್ಜಿದ ಚೂರುಗಳು ಉದುರಿದವು. ಕಾಂಪೌಂಡಿನಾಚೆ ಪಕ್ಕದ ಮನೆಯವರು ಫೋನಿನಲ್ಲಿ ಮಾತಾಡುತ್ತಲೇ ಇದ್ದರು.

ಟೀಚರ್ ಭೌತಶಾಸ್ತ್ರ ಹೇಳಿಕೊಟ್ಟು ನಿವೃತ್ತರಾದವರು. ಸ್ಟುಟ್‌ಗಾರ್ಟ್‌ನಲ್ಲಿದ್ದ ಮಗ ಊರಿಗೆ ವಾಪಸಾಗುವಾಗ ಮನೆಸಾಮಾನಿನ ಜೊತೆ ಹಡಗಿಗೆ ಹಾಕಿಸಿದ ಶ್ರೆಡರ್ ಇದು. ಅಲ್ಲಿಯದೂ ಇಲ್ಲಿಯದೂ 230 ವೋಲ್ಟ್, 50 ಹರ್ಟ್ಜ್ ಕರೆಂಟೇ ಆದ್ದರಿಂದ ಎಲೆಕ್ಟ್ರೀಷಿಯನ್ ಮಾಡಿದ್ದು ಒಂದೇ ಕೆಲಸ: ಜರ್ಮನಿಯ ದುಂಡು ಪ್ಲಗ್ ಕತ್ತರಿಸಿ 16 ಆಂಪಿಯರ್‌ನ ಮೂರು ಕಡ್ಡಿಯ ಪ್ಲಗ್ ಹಾಕಿದ್ದು.

ಹಿತ್ತಿಲ ಕಸದ ಕಷ್ಟ ಓದುಗರಿಗೆ ಹೊಸದಲ್ಲ. ಎಲೆ ಗುಂಡಿಗೆ ಹೋಗುತ್ತದೆ, ಟೊಂಗೆ ಎಲ್ಲಿಗೂ ಹೋಗುವುದಿಲ್ಲ. ಕಸದ ಗಾಡಿಯವರು ಮುಟ್ಟುವುದಿಲ್ಲ. ಬೆಂಕಿ ಇಡೋಣವೆಂದರೆ ಬಯಲಲ್ಲಿ ಕಸ ಸುಟ್ಟವರಿಗೆ ₹5,000 ದಂಡ ಎಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರಲ್ಲೇ ಹೇಳಿದೆ. ಕಟ್ಟಿಗೆ ಚೂರು ಮಾಡುವ ಯಂತ್ರಕ್ಕೆ ವಯಸ್ಸು ನೂರು ದಾಟಿದೆ. ಜರ್ಮನಿಯ ಪೀಟರ್ ಜೆನ್ಸನ್ 1884ರಲ್ಲಿ ಮೊದಲನೆಯದನ್ನು ಕಟ್ಟಿದ ಎನ್ನುತ್ತಾರೆ. ಮನೆಯ ಹಿತ್ತಲಿಗೆ ಇಳಿಯುವಷ್ಟು ಅದು ಚಿಕ್ಕದಾದದ್ದು ಬಹಳ ತಡವಾಗಿ. ಚಿಕ್ಕದಾದಾಗ ಬಂದ ದೂರು ಒಂದೇ: ಗಲಾಟೆ.

ಈ ಗಲಾಟೆಯ ಮೂಲವನ್ನು ಟೀಚರ್ ಅಡುಗೆಮನೆಯಲ್ಲೇ ತೋರಿಸಿದರು. ‘ಮಿಕ್ಸಿ ಕಿರುಚತ್ತೆ, ಗ್ರೈಂಡರ್ ಗುರುಗುಟ್ಟತ್ತೆ. ಯಾಕೆ ಹೇಳು?’ ಮಿಕ್ಸಿಯೊಳಗೆ ಇರುವುದು ಇಂಗಾಲದ ಬ್ರಷ್ ಉಜ್ಜುವ, ನಿಮಿಷಕ್ಕೆ ಸಾವಿರಾರು ಸುತ್ತು ಹೊಡೆಯುವ ಮೋಟರು. ಕಲ್ಲಿನ ಗ್ರೈಂಡರಿನಲ್ಲಿ ಬ್ರಷ್ಷೇ ಇಲ್ಲದ ಇಂಡಕ್ಷನ್ ಮೋಟರು. ಅದರ ವೇಗವನ್ನೂ ಇಳಿಸಿಯೇ ಕಲ್ಲು ತಿರುಗಿಸುತ್ತಾರೆ. ಶ್ರೆಡರ್‌ಗಳಲ್ಲೂ ಇವೇ ಎರಡು ಜಾತಿ. ಅಗ್ಗದ್ದರಲ್ಲಿ ಬಿಲ್ಲೆಗೆ ಬ್ಲೇಡು ಕೂರಿಸಿರುತ್ತಾರೆ; ಅದು ನಿಮಿಷಕ್ಕೆ 3,000–4,000 ಸುತ್ತು ತಿರುಗಿ ಟೊಂಗೆಯನ್ನು ಕೊಚ್ಚುತ್ತದೆ. ನಾವು ತಳ್ಳುತ್ತಲೇ ಇರಬೇಕು, ಅದು ಕಿರುಚುತ್ತಲೇ ಇರುತ್ತದೆ. ಟೀಚರ್ ಮನೆಯದು ಉರುಳೆಯದು: ಹಲ್ಲಿರುವ ಉಕ್ಕಿನ ಉರುಳೆ ಗೇರಿನ ಬಲದಿಂದ ನಿಮಿಷಕ್ಕೆ ಬರೀ 40ರ ಆಸುಪಾಸು ಸುತ್ತು ತಿರುಗುತ್ತದೆ. ಕೊಚ್ಚುವುದಿಲ್ಲ; ಎದುರಿನ ಅಲ್ಯೂಮಿನಿಯಂ ಪಟ್ಟಿಗೆ ಒತ್ತಿ ಜಜ್ಜಿ ಮುರಿಯುತ್ತದೆ.

ಆ ಪಟ್ಟಿಯ ಕಥೆ ಹೇಳದೆ ಮುಂದೆ ಹೋಗಲು ನನ್ನಿಂದಾಗದು. ಯಂತ್ರದ ಪಕ್ಕದಲ್ಲಿ ಒಂದು ತಿರುಪು ಇದೆ. ಅದನ್ನು ಬಲಕ್ಕೆ ತಿರುಗಿಸಿದರೆ ಪಟ್ಟಿ ಉರುಳೆಯ ಹತ್ತಿರಕ್ಕೆ ಸರಿಯುತ್ತದೆ. ಎಷ್ಟು ಹತ್ತಿರ? ಅಳತೆಗೋಲು ಬೇಡ. ಮೋಟರು ಓಡುತ್ತಿರುವಾಗಲೇ ತಿರುಪನ್ನು ಸ್ವಲ್ಪ ಸ್ವಲ್ಪವೇ ತಿರುಗಿಸುತ್ತಾ ಹೋಗಬೇಕು; ಕೆಳಗೆ ಅಲ್ಯೂಮಿನಿಯಂ ಚೂರು ಉದುರಿದ ಕ್ಷಣ ನಿಲ್ಲಿಸಬೇಕು. ಅಂದರೆ ಯಂತ್ರ ತನ್ನನ್ನೇ ಒಂಚೂರು ಕೆರೆದುಕೊಂಡು, ಈಗ ಸರಿಯಾಯಿತು ಎನ್ನುತ್ತದೆ! ಬೇರೆ ಬೇರೆ ಕಂಪನಿಗಳ ಕೈಪಿಡಿಗಳಲ್ಲೂ ಇದೇ ವಿಧಾನ. ಟೀಚರ್ ನನ್ನೆದುರಿಗೇ ಮಾಡಿ ತೋರಿಸಿದರು: ಮೊಣಕಾಲೂರಿ, ಕನ್ನಡಕ ಹಣೆಗೇರಿಸಿ, ಎರಡು ಬೆರಳಲ್ಲಿ ತಿರುಪು ಹಿಡಿದು, ಕಿವಿಗೊಟ್ಟು. ಮೊದಲು ಕರ್ ಎಂಬ ಸಣ್ಣ ಸದ್ದು, ಆಮೇಲೆ ಡಬ್ಬಿಯಲ್ಲಿ ಬೆಳ್ಳಿಬಣ್ಣದ ನಾಲ್ಕು ಸುರುಳಿ. ‘ಸಾಕು’ ಎಂದು ಎದ್ದರು. ಆ ಸುರುಳಿಗಳನ್ನು ನಾನು ಕಾಗದದಲ್ಲಿ ಕಟ್ಟಿ ಜೇಬಿಗಿಟ್ಟುಕೊಂಡಿದ್ದೇನೆ.

ತಿರುಪು ಸಡಿಲವಾದರೆ ಏನಾಗುತ್ತದೆ ಎಂಬುದನ್ನೂ ನೋಡಬೇಕೆಂದು ಹಟ ಹಿಡಿದೆ. ಸಡಿಲಿಸಿ ಹಸಿ ದಾಸವಾಳದ ಕಡ್ಡಿ ಕೊಟ್ಟರು. ಕಟ್ಟಿಗೆ ಅಲ್ಲಲ್ಲಿ ಮುರಿಯಿತು, ತೊಗಟೆ ಮಾತ್ರ ಹರಿಯಲಿಲ್ಲ. ತುಂಡುಗಳೆಲ್ಲ ನಾರಿನಲ್ಲಿ ಜೋತುಬಿದ್ದು ಮಾಲೆಯಾಗಿ ಹೊರಬಂತು. ಯಂತ್ರ ಕೆಟ್ಟಿದೆ ಎಂದು ವಾಪಸ್ ಕೊಡುವವರಲ್ಲಿ ಎಷ್ಟು ಮಂದಿ ಈ ತಿರುಪನ್ನು ಮುಟ್ಟಿಯೇ ಇಲ್ಲವೋ! ಅತಿಯಾಗಿ ಬಿಗಿದರೂ ಕಷ್ಟವೇ. ಪಟ್ಟಿ ಸುಮ್ಮನೆ ಸವೆಯುತ್ತದೆ. ಬದಲಿ ಪಟ್ಟಿ ನಮ್ಮೂರಿನಲ್ಲಿ ಸುಲಭಕ್ಕೆ ಸಿಗುವ ಸಾಮಾನಲ್ಲ.

ಇನ್ನು ಡೆಸಿಬಲ್ ಲೆಕ್ಕ. ಪೆಟ್ಟಿಗೆಯ ಮೇಲಿನ ಅಂಕಿಯನ್ನು ನಾನು ಅಷ್ಟಾಗಿ ನಂಬುವವನಲ್ಲ. ಯಂತ್ರ ಒಟ್ಟಾರೆ ಹೊರಹಾಕುವ ಶಬ್ದಶಕ್ತಿ ಒಂದು, ನಮ್ಮ ಕಿವಿಯ ಹತ್ತಿರ ಬೀಳುವ ಶಬ್ದದ ಒತ್ತಡ ಇನ್ನೊಂದು. ಎರಡಕ್ಕೂ ಡೆಸಿಬಲ್ಲೇ ಅಳತೆ. ಎರಡನೆಯ ಅಂಕಿ ಯಾವಾಗಲೂ ಚಿಕ್ಕದು, ಜಾಹೀರಾತಿಗೆ ಅನುಕೂಲ. ಐರೋಪ್ಯ ಒಕ್ಕೂಟ 2000ನೇ ಇಸವಿಯಲ್ಲಿ ಮಾಡಿದ ನಿಯಮದಂತೆ ಅಲ್ಲಿ ಮಾರುವ ಪ್ರತಿ ಶ್ರೆಡರ್ ಮೇಲೂ ಶಬ್ದಶಕ್ತಿಯ ಅಂಕಿ ಅಂಟಿಸಲೇಬೇಕು. ತಮಾಷೆಯೆಂದರೆ ಅಂಟಿಸಬೇಕು ಅಷ್ಟೇ. ಇಷ್ಟು ಮೀರಬಾರದು ಎಂಬ ಮಿತಿ ಶ್ರೆಡರ್‌ಗಿಲ್ಲ. ಜರ್ಮನಿಯವರು ಬೇರೆ ದಾರಿ ಹಿಡಿದರು. 2002ರ ಅವರ ನಿಯಮದ ಪ್ರಕಾರ ವಸತಿ ಪ್ರದೇಶದಲ್ಲಿ ಭಾನುವಾರ, ಹಬ್ಬದ ದಿನ, ಉಳಿದ ದಿನ ರಾತ್ರಿ 8ರಿಂದ ಬೆಳಗ್ಗೆ 7ರವರೆಗೆ ಶ್ರೆಡರ್ ಮುಟ್ಟುವಂತಿಲ್ಲ. ಭಾನುವಾರವೇ ಹಿತ್ತಿಲ ಕೆಲಸ ಮಾಡುವ ನಮಗೆ ಇದು ವಿಚಿತ್ರ.

ಉರುಳೆಯ ಯಂತ್ರಗಳ ಮೇಲೆ 90ರಿಂದ 94ರವರೆಗಿನ ಅಂಕಿ ಕಾಣುತ್ತದೆ. ಬ್ಲೇಡಿನವು 100 ದಾಟುತ್ತವೆ. ಅಂತರ ಸಣ್ಣದೆನಿಸಬಹುದು, ಅಲ್ಲ. ಹತ್ತು ಡೆಸಿಬಲ್ ಇಳಿದರೆ ಶಬ್ದದ ಶಕ್ತಿ ಹತ್ತರಲ್ಲಿ ಒಂದಾಗುತ್ತದೆ, ಕಿವಿಗೆ ಸುಮಾರು ಅರ್ಧ ಎನಿಸುತ್ತದೆ. ಟೀಚರ್ ಹಳೇ ಕ್ಯಾಲೆಂಡರಿನ ಬೆನ್ನ ಮೇಲೆ ಲೆಕ್ಕ ಹಾಕಿಕೊಟ್ಟರು: ಬಯಲಿನಲ್ಲಿ ಹತ್ತು ಮೀಟರ್ ದೂರಕ್ಕೆ ಅಂಕಿಯಿಂದ ಸುಮಾರು 28 ಕಳೆಯಬೇಕು. 92ರ ಯಂತ್ರ ಅಲ್ಲಿ 64 ಆಗುತ್ತದೆ, 105ರದ್ದು 77. ನಮ್ಮ ದೇಶದ 2000ನೇ ಇಸವಿಯ ಶಬ್ದಮಾಲಿನ್ಯ ನಿಯಮ ವಸತಿ ಪ್ರದೇಶಕ್ಕೆ ಹಗಲು ಸರಾಸರಿ 55 ಎನ್ನುತ್ತದೆ. ಸದ್ದಿಲ್ಲದ ಯಂತ್ರ ಎಂಬುದು ಇಲ್ಲವೇ ಇಲ್ಲ ಎಂಬುದಕ್ಕೆ ಇಷ್ಟು ಸಾಕು. ಅಂಕಿಗಿಂತ ಸ್ವರ ಮುಖ್ಯ ಎನ್ನುವವನು ನಾನು: ಕೀರಲು ಕಿರುಚಾಟ ಗೋಡೆಯಾಚೆಯೂ ತಲೆ ಕೊರೆಯುತ್ತದೆ, ಗುನುಗನ್ನು ಜನ ಮರೆಯುತ್ತಾರೆ.

ವ್ಯಾಟ್ ನೋಡಿ ಮರುಳಾಗುವುದೂ ಬೇಡ. 2,500 ವ್ಯಾಟ್ ಎಂದು ದಪ್ಪಕ್ಷರದಲ್ಲಿ ಬರೆದು ಪಕ್ಕದಲ್ಲಿ ಸಣ್ಣದಾಗಿ ‘ಎಸ್6 – 40%’ ಎಂದಿದ್ದರೆ, ಹತ್ತು ನಿಮಿಷದಲ್ಲಿ ನಾಲ್ಕು ನಿಮಿಷ ಮಾತ್ರ ಆ ಪೂರ್ತಿ ಭಾರ, ಉಳಿದ ಆರು ನಿಮಿಷ ಖಾಲಿ ಓಟ ಎಂದರ್ಥ. 2,500 ವ್ಯಾಟ್ ಎಂದರೆ ಹತ್ತಿರ ಹತ್ತಿರ 11 ಆಂಪಿಯರ್. ಫ್ಯಾನಿನ ಪ್ಲಗ್ಗಿಗೆ ಚುಚ್ಚುವಂತಿಲ್ಲ, ತೆಳ್ಳನೆಯ ಎಕ್ಸ್‌ಟೆನ್ಷನ್ ವೈರು ಬಿಸಿಯಾಗುತ್ತದೆ. ಟೊಂಗೆಯ ದಪ್ಪ 40 ಮಿಲಿಮೀಟರ್ ಎಂದಿದ್ದರೆ ಅದು ಹೊಸದಾಗಿ ಕಡಿದ, ನೆಟ್ಟಗಿನ, ಗಂಟಿಲ್ಲದ ಟೊಂಗೆಯ ಮಾತು. ಒಣಗಿದ ಸೀಬೆಗೆ ಅದರಲ್ಲಿ ಕಾಲು ಭಾಗ ಕಳೆದುಬಿಡಿ. ಸಿಕ್ಕಿಕೊಂಡರೆ ಹಿಂದಕ್ಕೆ ತಿರುಗಿಸುವ ಸ್ವಿಚ್ ಇದೆಯೇ ಎಂದು ಕೇಳಲೇಬೇಕು. ಅಂಗಡಿಗೆ ನಿಮ್ಮ ಹಿತ್ತಿಲ ಟೊಂಗೆಯನ್ನೇ ಒಯ್ಯಿರಿ. ಓಡಿಸಿ ತೋರಿಸಲು ಒಪ್ಪದವರಲ್ಲಿ ಕೊಳ್ಳಬೇಡಿ.

ಉರುಳೆಯ ಮೇಲಿನ ನನ್ನ ಪ್ರೀತಿಗೂ ಮಿತಿಯಿದೆ. ಗಟ್ಟಿ ಕಟ್ಟಿಗೆಯೇ ಅದರ ಊಟ: ಮಾವು, ಸೀಬೆ, ಸಂಪಿಗೆ, ಮುಳ್ಳಿನ ಬೋಗನ್‌ವಿಲ್ಲಾ. ನೀರು ತುಂಬಿದ ನುಗ್ಗೆಯ ಟೊಂಗೆ ಅದರೊಳಗೆ ಮುದ್ದೆಯಾಗುತ್ತದೆ. ತೆಂಗಿನ ಗರಿಯ ನಾರು ಉರುಳೆಗೆ ಸುತ್ತಿಕೊಳ್ಳುತ್ತದೆ. ತೆಂಗು, ಅಡಿಕೆ ಇರುವ ತೋಟದವರಿಗೆ ಕೃಷಿ ಯಂತ್ರದ ಅಂಗಡಿಯ ದೊಡ್ಡ ಬ್ಲೇಡಿನ ಯಂತ್ರವೇ ಸರಿ, ಸದ್ದಿಗೆ ಅಲ್ಲಿ ನೆರೆಯವರೂ ದೂರ. ಜಜ್ಜಿದ ಚೂರು ಕೊಚ್ಚಿದ ಚೂರಿಗಿಂತ ಬೇಗ ಕೊಳೆಯುತ್ತದೆ, ಏಕೆಂದರೆ ನಾರು ಬಿಚ್ಚಿಕೊಂಡಿರುತ್ತದೆ. ಗಿಡದ ಬುಡಕ್ಕೆ ಮೇಲೆ ಹೊದಿಸಿ. ಹಸಿ ಚೂರನ್ನು ಮಣ್ಣಿಗೆ ಕಲಸಿದರೆ ಅದು ಕೊಳೆಯುವಾಗ ಗಿಡದ ಸಾರಜನಕವನ್ನೇ ತಿನ್ನುತ್ತದೆ.

ಬರೀ ತರಗೆಲೆ, ದಾಸವಾಳದ ಚಿಗುರು, ನಾಲ್ಕು ಕುಂಡ ಇರುವವರಿಗೆ ಯಾವ ಶ್ರೆಡರೂ ಬೇಡ, ಕತ್ತರಿ ಸಾಕು. ಮರಗಳಿರುವ ಮನೆಗೂ ಇದು ವರ್ಷಕ್ಕೆ ಒಂದೆರಡು ಸಲ ಬೇಕಾಗುವ ಸಾಮಾನು, ಮೂವತ್ತು ಕೆಜಿಯಷ್ಟು ಭಾರ, ಮಳೆಗೆ ನೆನೆಯಬಾರದು. ಒಬ್ಬೊಬ್ಬರೂ ಕೊಳ್ಳುವ ಬದಲು ಬೀದಿಯವರೆಲ್ಲ ಸೇರಿ ಒಂದನ್ನು ತಂದುಕೊಳ್ಳುವುದೇ ಜಾಣತನ. ಟೊಂಗೆ ಯಾರು ಬೇಕಾದರೂ ಕೊಡಲಿ, ಆ ತಿರುಪನ್ನು ಮುಟ್ಟುವವರು ಮಾತ್ರ ಬೀದಿಗೆಲ್ಲ ಒಬ್ಬರೇ ಇರಲಿ.